ನೀನು ದೊಡ್ಡವಳಲ್ಲವೇ?

ಬೆಳಗಿನ ಆರು ಗಂಟೆ. ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಇಂಥ ಮನೆ ಯಾವ ಊರಿನ ಯಾವ ಬೀದಿಯಲ್ಲಾದರೂ ಇದ್ದೀತು. ನಡುಮನೆಯ ತೊಲೆಗೆ ಹಳೆಯ ಸೀರೆಯ ಜೋಲಿ ಕಟ್ಟಿದೆ. ಅದರಲ್ಲಿ ಎರಡು ತಿಂಗಳ ಗಂಡುಮಗು ಈಗಷ್ಟೇ ಎದ್ದು ಕೈಕಾಲು ಆಡಿಸುತ್ತಿದೆ. ಅಪ್ಪ ಹುಳುಮನೆಯಲ್ಲಿದ್ದಾನೆ. ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿದೆ. ಇನ್ನೊಂದು ವಾರ ಎಷ್ಟು ಸೊಪ್ಪು ತಂದು ಸುರಿದರೂ ಸಾಲದು. ಅಜ್ಜಿ ಒಲೆಯ ಮುಂದೆ ಕೂತಿದ್ದಾಳೆ. ಅಮ್ಮ ಗೋಡೆಗೆ ಒರಗಿ, ಮಗುವನ್ನು ಮಡಿಲಿಗೆ ಎಳೆದುಕೊಂಡು ಹಾಲೂಡಿಸಲು ತೊಡಗುತ್ತಾಳೆ.

ಆ ಗಳಿಗೆಗೇ ಕಾದಿದ್ದಂತೆ ಎರಡೂವರೆ ವರ್ಷದ ಮಗಳು ಬಾಗಿಲಲ್ಲಿ ಪ್ರತ್ಯಕ್ಷ.

"ಅವ್ವಾ, ನೀರು."

"ಅಜ್ಜೀನ ಕೇಳವ್ವ, ಕೊಡ್ತಾರೆ."

"ಅಜ್ಜಿ ಬ್ಯಾಡ. ನೀನೇ ಕೊಡು."

"ಪಾಪು ಹಾಲು ಕುಡೀತಾ ಐತಲ್ಲ, ಒಂದು ಗಳಿಗೆ ಇರು."

ಮಗಳು ಇರುವುದಿಲ್ಲ. ತಾನೇ ಹೋಗಿ ಚೊಂಬು ಎತ್ತಿಕೊಂಡು ಬರುತ್ತಾಳೆ. ಎರಡು ಗುಟುಕು ಕುಡಿದು, ಅಮ್ಮನ ಮುಖವನ್ನೇ ನೋಡುತ್ತಾ, ಉಳಿದ ನೀರನ್ನೆಲ್ಲ ಮಡಿಸಿಟ್ಟ ಮಗುವಿನ ಬಟ್ಟೆಗಳ ಮೇಲೆ ಸುರಿಯುತ್ತಾಳೆ. ರಾತ್ರಿ ನಾಲ್ಕು ಸಲ ಎದ್ದ ಅಮ್ಮನಿಗೆ ಸಿಟ್ಟು ನೆತ್ತಿಗೇರುತ್ತದೆ.

"ಏನೇ ಇದು! ನೀನು ದೊಡ್ಡೋಳಲ್ವೇನೆ?"

ಮಗಳು ಒಂದು ಕ್ಷಣ ಯೋಚಿಸಿ ಹೇಳುತ್ತಾಳೆ: "ಇಲ್ಲ. ನಾನೂ ಪಾಪು."

ಆ ಒಂದು ಮಾತಿನಲ್ಲಿ ಅವಳ ಅಹವಾಲೆಲ್ಲ ಇದೆ. ಆದರೆ ಬೆಳಗಿನ ಗಡಿಬಿಡಿಯಲ್ಲಿ ಅದನ್ನು ಕೇಳಿಸಿಕೊಳ್ಳುವವರು ಯಾರು?

ಇಳಿದ ಪಟ್ಟ

ಎರಡು ತಿಂಗಳ ಹಿಂದಿನ ಮಾತು. ಆ ಮಡಿಲು ಪೂರ್ತಿ ಅವಳದೇ ಆಗಿತ್ತು. ಉಣ್ಣುವುದು ಅಲ್ಲಿ, ನಿದ್ದೆ ಅಲ್ಲಿ, ಬಿದ್ದು ಪೆಟ್ಟಾದರೆ ಓಡಿಬರುವುದು ಅಲ್ಲಿಗೆ. ಒಂದು ದಿನ ಅಮ್ಮ ಆಸ್ಪತ್ರೆಗೆಂದು ಹೋದಳು. ಮರಳಿ ಬರುವಾಗ ಕೈಯಲ್ಲಿ ಇನ್ನೊಬ್ಬರಿದ್ದರು. ಮನೆಗೆ ಬಂದವರೆಲ್ಲ ನೇರವಾಗಿ ಜೋಲಿಯ ಹತ್ತಿರ ಹೋದರು. ತಂದ ಬಟ್ಟೆ, ತಂದ ಬೆಳ್ಳಿಯ ಉಡಿದಾರ ಎಲ್ಲ ಆ ಕಡೆಗೇ. ನೆರೆಮನೆಯಾಕೆ ಕೆನ್ನೆ ಹಿಂಡಿ ನಗೆಯಾಡಿದಳು: "ಇನ್ಮೇಲೆ ನಿಮ್ಮವ್ವ ನಿಂಗಿಲ್ಲ ಕಣವ್ವ, ಪಾಪುಗೆ. ನಿನ್ನ ತೌಡಿಗೆ ಕೊಂಡು ತಂದಿದ್ದು, ಗೊತ್ತಾ?" ದೊಡ್ಡವರು ನಕ್ಕರು. ತಮಾಷೆಯೆಂದರೇನೆಂದು ಎರಡೂವರೆ ವರ್ಷಕ್ಕೆ ತಿಳಿಯುವುದಿಲ್ಲ. ಕಿವಿಗೆ ಬಿದ್ದದ್ದು ನಿಜವೆಂದೇ ಅದು ನಂಬುತ್ತದೆ.

ಆಮೇಲೆ ಏನೇನು ಆಗುತ್ತದೆಂಬುದು ಎರಡು ಮಕ್ಕಳ ತಾಯ್ತಂದೆಯರಿಗೆಲ್ಲ ಗೊತ್ತು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡುತ್ತದೆ. ಸ್ಪಷ್ಟವಾಗಿ ಮಾತಾಡುತ್ತಿದ್ದುದು ತೊದಲು ನುಡಿಗೆ ಹಿಂದಿರುಗುತ್ತದೆ. ತಾನೇ ಉಣ್ಣುತ್ತಿದ್ದುದು ಬಾಯಿಗೆ ತುತ್ತಿಡು ಎನ್ನುತ್ತದೆ. ಜೋಲಿಯಲ್ಲಿ ತನ್ನನ್ನೂ ಹಾಕಿ ತೂಗಬೇಕು. ಪಾಪುವನ್ನು ಮುದ್ದಿಸುತ್ತೇನೆಂದು ಬಗ್ಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದರೆ ಮೆಲ್ಲಗೆ ಚಿವುಟಿ, ಅದು ಚೀರಿದೊಡನೆ ತಾನೇ ಜೋಲಿ ತೂಗತೊಡಗುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂಬ ಗಾದೆಯನ್ನು ಕಪಟಿಗಳಿಗೆ ಬಳಸುವುದು ರೂಢಿ. ಆದರೆ ಈ ಮಗುವಿನಲ್ಲಿ ಕಪಟವಿಲ್ಲ. ಚಿವುಟುವ ಮನಸ್ಸೂ ನಿಜ, ತೂಗುವ ಮನಸ್ಸೂ ನಿಜ. ಎರಡೂ ಒಂದೇ ಪುಟ್ಟ ಎದೆಯೊಳಗೆ ಒಟ್ಟಿಗೇ ಇವೆ.

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಅದು ತಲೆಯೆತ್ತಿಕೊಂಡು ಅಲುಗದೆ ನಿಲ್ಲುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹೊಸಬರು ನೋಡಿದರೆ ಹುಳು ಕಾಯಿಲೆ ಬಿತ್ತೆಂದು ಹೆದರಿಯಾರು. ಸಾಕಿ ಪಳಗಿದವರು ಹೆದರುವುದಿಲ್ಲ, ಅದನ್ನು ಕೆಣಕುವುದೂ ಇಲ್ಲ. ಹಳೆಯ ಪೊರೆ ಬಿಗಿಯಾಗಿದೆ, ಕಳಚಲು ಸಮಯ ಬೇಕು ಎಂದು ಅವರಿಗೆ ಗೊತ್ತು. ತಮ್ಮನೋ ತಂಗಿಯೋ ಬಂದ ಹೊಸತರಲ್ಲಿ ಹಿರಿಯ ಮಗು ಮಾಡುವ ಮೊಂಡಾಟ, ಹಿಂದಡಿ ಇವೆಲ್ಲ ಬಹುಮಟ್ಟಿಗೆ ಅಂಥದೇ ಒಂದು ಜ್ವರ. ಹುಳುವಿಗೆ ತೋರುವ ತಾಳ್ಮೆಯನ್ನು ಮನೆಯ ಮಗುವಿಗೂ ತೋರಬೇಕು, ಅಷ್ಟೆ.

ಒಂದು ರೋಗದ ಹೆಸರು

ಹಿರಿಯ ಮಗುವಿನ ಈ ಸ್ಥಿತಿ ಬರಿಯ ಮನಸ್ಸಿನ ಮಾತಲ್ಲ, ಕೆಲವು ಕಡೆ ಅದು ಜೀವದ ಪ್ರಶ್ನೆಯೂ ಆಗಿದೆ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಇಂದಿನ ಘಾನಾ ದೇಶದಲ್ಲಿ, ಆಗ ಅದು ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು, ಮಕ್ಕಳ ಚಿಕಿತ್ಸೆ ಮಾಡುತ್ತಿದ್ದರು. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳು ಕಾಲು ಊದಿಕೊಂಡು, ಕೂದಲು ಬಣ್ಣಗೆಟ್ಟು, ಚರ್ಮ ಸುಲಿದು, ಯಾವುದರಲ್ಲೂ ಆಸಕ್ತಿಯಿಲ್ಲದೆ ಮುದುಡಿ ಕೂರುವುದನ್ನು ಅವರು ಕಂಡರು. 1933ರಲ್ಲಿ ಆ ರೋಗದ ಬಗ್ಗೆ ಬರೆದರು. 1935ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಅದಕ್ಕೆ ಅಲ್ಲಿನ ಜನರೇ ಇಟ್ಟಿದ್ದ ಹೆಸರನ್ನು ಬಳಸಿದರು: ಕ್ವಾಷಿಯೋರ್ಕರ್. ಗಾ ಎಂಬ ಅಲ್ಲಿನ ಭಾಷೆಯಲ್ಲಿ ಅದರ ಅರ್ಥ, ಹೊಸ ಮಗು ಬಂದಾಗ ಹಿಂದಿನ ಮಗುವಿಗೆ ತಗಲುವ ಕಾಯಿಲೆ.

ವೈದ್ಯಶಾಸ್ತ್ರಕ್ಕಿಂತ ಮೊದಲೇ ತಾಯಂದಿರು ಅದನ್ನು ಗುರುತಿಸಿದ್ದರು. ಮತ್ತೆ ಬಸಿರಾದ ತಾಯಿ ಹಿರಿಯ ಮಗುವಿಗೆ ಎದೆಹಾಲು ತಟ್ಟನೆ ಬಿಡಿಸುತ್ತಿದ್ದಳು. ಆಮೇಲೆ ಅದಕ್ಕೆ ಸಿಗುತ್ತಿದ್ದುದು ಹೆಚ್ಚಾಗಿ ಮುಸುಕಿನ ಜೋಳದ ಗಂಜಿ ಮಾತ್ರ. ಈ ಕಾಯಿಲೆಗೆ ಪ್ರೋಟೀನಿನ ಕೊರತೆಯೊಂದೇ ಕಾರಣವಲ್ಲವೆಂದು ನಂತರದ ಸಂಶೋಧಕರು ವಾದಿಸಿದ್ದಾರೆ. ಅದೇನೇ ಇರಲಿ, ಆ ಹೆಸರು ಕಲಿಸುವ ಪಾಠ ಹಳೆಯದಾಗಿಲ್ಲ. ಮಡಿಲಿನಿಂದ ಇಳಿದ ಮಗುವಿನ ತಟ್ಟೆಯ ಮೇಲೂ ಒಂದು ಕಣ್ಣಿರಬೇಕು.

ಒಂದು ಹೆರಿಗೆಯಾದ ಮೇಲೆ ಮತ್ತೆ ಬಸಿರಾಗಲು ಕನಿಷ್ಠ 24 ತಿಂಗಳಾದರೂ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿರುವುದು ತಾಯಿಯ ದೇಹ ಚೇತರಿಸಿಕೊಳ್ಳಲೆಂದು. ಮೊದಲ ಮಗುವಿಗೂ ಅದರಿಂದ ಅಷ್ಟೇ ಒಳಿತು. ಮಗುವಿಗೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೆತ್ತಗಿನ ಊಟದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ಅದೇ ಸಂಸ್ಥೆಯ ಸಲಹೆ. ಹಾಲು ಬಿಡಿಸುವುದೇ ಆದರೆ ಮೆಲ್ಲಮೆಲ್ಲಗೆ ಬಿಡಿಸಬೇಕು. ಕೂಸು ಬಂದ ವಾರವೇ ಬೇವಿನ ರಸ ಹಚ್ಚಿ ಬಿಡಿಸಿದರೆ, ಮಗು ಆ ಕಹಿಯನ್ನೆಲ್ಲ ಕೂಸಿನ ಲೆಕ್ಕಕ್ಕೇ ಬರೆಯುತ್ತದೆ.

ಊಟದ ಮಟ್ಟಿಗೆ ಮಾಗಡಿ ಸೀಮೆ ಬಡವಾಗಿಲ್ಲ. ಇಲ್ಲಿ ರಾಗಿ ಉಂಟು, ಅವರೆ ಉಂಟು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುವ ಅಜ್ಜಿಯರ ರಾಗಿಸರಿಯಲ್ಲಿ ಒಳ್ಳೆಯ ವಿಜ್ಞಾನವಿದೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಆದ್ದರಿಂದ ಗಂಜಿ ಗಟ್ಟಿಯಾಗುವುದಿಲ್ಲ. ಪುಟ್ಟ ಹೊಟ್ಟೆಗೆ ಒಂದೊಂದು ಚಮಚದಲ್ಲಿ ಹೆಚ್ಚು ಕಾಳಿನ ಸತ್ವ ಹೋಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಜೊತೆಗೆ ಬೇಳೆ, ಸೊಪ್ಪು, ಮೊಟ್ಟೆ, ಹಾಲು ಸೇರಿದರೆ ಎರಡೂವರೆ ವರ್ಷದ ಮಗುವಿಗೆ ಬೇರೆ ಡಬ್ಬಿಯ ಪುಡಿ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆಯೂ ಬೇಕು. ದೊಡ್ಡವರು ತನಗೆ ತಿನ್ನಿಸುವುದನ್ನು ಕಂಡ ಮಗು ತಾನೂ ಪಾಪುವಿಗೆ ತಿನ್ನಿಸಲು ಹೋಗುತ್ತದೆ. ಅವರೆಕಾಳು, ಕಡಲೆಬೀಜ, ಅಡಿಕೆ ಚೂರು, ಕೈಗೆ ಸಿಕ್ಕಿದ್ದನ್ನು ಪ್ರೀತಿಯಿಂದಲೇ ಕೂಸಿನ ಬಾಯಿಗೆ ಇಡುತ್ತದೆ. ಕಾಳು ಶ್ವಾಸನಾಳಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡವೆಂದು ವೈದ್ಯರು ಹೇಳುತ್ತಾರೆ. ನೀರಿನ ತೊಟ್ಟಿ, ಒಲೆಯ ಮೇಲಿನ ಎಸರು, ಹುಳುಮನೆ ತೊಳೆಯಲು ತಂದಿಟ್ಟ ಔಷಧಿ, ಬ್ಲೀಚಿಂಗ್ ಪುಡಿ ಇವೆಲ್ಲ ಮಗುವಿನ ಕೈಗೆಟುಕದಂತಿರಬೇಕು. ಎರಡನ್ನೂ ಒಟ್ಟಿಗೆ ಬಿಟ್ಟು ಎದ್ದುಹೋಗುವಾಗ "ಪಾಪು ನೋಡ್ಕೋ" ಎಂದು ಎರಡೂವರೆ ವರ್ಷದವಳಿಗೆ ಹೇಳಿ ಹೋಗುವುದು ಕಾವಲಲ್ಲ. ಅವಳಿಗೇ ಇನ್ನೂ ಒಬ್ಬರು ಕಾವಲು ಬೇಕು.

ಕಲ್ಲಿನಲ್ಲಿ ಬರೆದ ತೀರ್ಪು

ಹಾಗಾದರೆ ಇಬ್ಬರಿಗೂ ನ್ಯಾಯ ಮಾಡುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕಲ್ಯದಲ್ಲೇ ಒಂದು ಕಲ್ಲಿದೆ.

ವಿಜಯನಗರದ ಬುಕ್ಕರಾಯನ ಕಾಲದ 1368ರ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅದರ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದಲ್ಲಿ ದೊರೆತಿದೆ. ಆಗ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಊರುಗಳ ಜೈನರು ತಮಗಾಗುತ್ತಿರುವ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಆ ಊರುಗಳ ಸಾಲಿನಲ್ಲಿ ಕಲ್ಲೆಹದ ಪಟ್ಟಣವೆಂದು ಇಂದಿನ ಕಲ್ಯದ ಹೆಸರೂ ಇದೆ. ಬುಕ್ಕರಾಯ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದಂತೆ ದೊಡ್ಡ ಸಭೆ ಕೂಡಿಸಿದ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟ.

ಮನೆಯ ಮಕ್ಕಳ ಜಗಳಕ್ಕೆ ಅರಸನ ತೀರ್ಪನ್ನು ಹೋಲಿಸುವುದು ಅತಿಯೆನಿಸಬಹುದು. ಆದರೆ ಆ ತೀರ್ಪಿನಲ್ಲಿ ಮೂರು ಮಾತುಗಳಿವೆ; ಮೂರೂ ನಡುಮನೆಗೆ ಸಲ್ಲುವಂಥವು.

ಮೊದಲನೆಯದು, ಹಳೆಯ ಹಕ್ಕು ಉಳಿಯಬೇಕೆಂಬುದು. ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಹಿಂದಿನಿಂದ ನಡೆದುಬಂದಂತೆ ಮುಂದೆಯೂ ಸಲ್ಲಬೇಕೆಂದು ಅರಸ ವಿಧಿಸಿದ. ಕೂಸು ಬಂದ ಮನೆಯಲ್ಲಿ ಹಿರಿಯ ಮಗುವಿನ ಪಂಚಮಹಾವಾದ್ಯಗಳು ಯಾವುವು? ಮಲಗುವ ಮುಂಚಿನ ಕಾಗಕ್ಕ ಗುಬ್ಬಕ್ಕನ ಕಥೆ. ಸ್ನಾನವಾದ ಮೇಲೆ ಅಮ್ಮನೇ ತಲೆ ಒರೆಸುವುದು. ಸಂಜೆ ಅಪ್ಪನ ಹೆಗಲೇರಿ ಅಂಗಡಿಗೆ ಹೋಗುವುದು. ಚನ್ನಪಟ್ಟಣದಿಂದ ತಂದ ಅರಗಿನ ಬಣ್ಣದ ಮರದ ಗಿಲಕಿ. "ನೀನು ದೊಡ್ಡವಳು, ಗಿಲಕಿ ಪಾಪುಗೆ ಕೊಡು" ಎಂದು ಕಸಿದು ಕೊಡುವುದಕ್ಕಿಂತ ಪಾಪುವಿಗೆ ಇನ್ನೊಂದು ತರುವುದು ಅಗ್ಗದ ರಾಜಿ. ಅವಳಾಗಿ ಒಂದು ದಿನ ಕೊಟ್ಟರೆ ಅದು ಬೇರೆ ಮಾತು. ಹಾಗೆ ಕೊಟ್ಟ ದಿನ ಮನೆಯವರೆಲ್ಲ ನೋಡಿ ಸಂತೋಷಪಡಬೇಕು. ಕೂಸು ಮಲಗಿದಾಗ ಗಿಲಕಿ ಬಾರಿಸಿ ಎಬ್ಬಿಸಿದರೆ, ವಾದ್ಯವನ್ನು ಕಿತ್ತುಕೊಳ್ಳುವ ಬದಲು ಬಾರಿಸುವವಳನ್ನು ವಾದ್ಯಸಮೇತ ಅಂಗಳಕ್ಕೆ ಕರೆದೊಯ್ದರೆ ಸಾಕು.

ಎರಡನೆಯದು, ಒಬ್ಬರ ಹಾನಿ ಇನ್ನೊಬ್ಬರ ಹಾನಿ ಎಂಬುದು. ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ವೈಷ್ಣವರು ಅದನ್ನು ತಮ್ಮದೇ ಎಂದು ಬಗೆಯಬೇಕೆಂದು ಶಾಸನ ಹೇಳುತ್ತದೆ. ಇದೇ ಮಾತಿನ ಹತ್ತಿರಕ್ಕೆ ಆರು ಶತಮಾನಗಳ ಮೇಲೆ ಮನೋವಿಜ್ಞಾನವೂ ಬಂತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಸಂಶೋಧಕಿಯರು 40 ಕುಟುಂಬಗಳಿಗೆ ಹೋಗಿ, ಎರಡನೆಯ ಮಗು ಹುಟ್ಟುವ ಮೊದಲೂ ಹುಟ್ಟಿದ ಮೇಲೂ ಮೊದಲ ಮಗು ಹೇಗಿರುತ್ತದೆಂದು ಕಂಡು ಬರೆದರು. 1982ರಲ್ಲಿ ಅದು ಪುಸ್ತಕವಾಯಿತು. ತಾಯಿ ಕೂಸಿನ ಆರೈಕೆಯಲ್ಲಿ ತೊಡಗಿದಾಗಲೇ ಹಿರಿಯ ಮಗುವಿನ ತಂಟೆ ಹೆಚ್ಚುವುದನ್ನು ಅವರು ಕಂಡರು. ಮೊಂಡಾಟ ಮಾಡುತ್ತಲೇ ತಾವೇ ಉಣ್ಣಲು, ತಾವೇ ಬಟ್ಟೆ ತೊಡಲು ಕಲಿತ ಮಕ್ಕಳನ್ನೂ ಕಂಡರು. ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯ. ಮೊದಲ ವಾರಗಳಲ್ಲೇ ತಾಯಿ ಕೂಸನ್ನು ಬೇಕುಬೇಡಗಳಿರುವ ಒಂದು ಜೀವವೆಂದು ಹಿರಿಯ ಮಗುವಿನೊಡನೆ ಮಾತಾಡಿದ ಮನೆಗಳಲ್ಲಿ, ಕೂಸಿಗೆ 14 ತಿಂಗಳಾಗುವ ಹೊತ್ತಿಗೆ ಇಬ್ಬರ ನಡುವೆ ಸ್ನೇಹ ಹೆಚ್ಚಾಗಿತ್ತು.

ಅಂದರೆ "ಮುಟ್ಟಬೇಡ, ದೂರ ಹೋಗು" ಎಂಬುದರ ಬದಲು, "ಪಾಪು ಯಾಕೆ ಅಳ್ತಾ ಐತೆ ಹೇಳು? ಹಸಿವಾ? ಸೆಕೆಯಾ?" ಎಂದು ಕೇಳುವುದು. ಮಗು ಕೊಡುವ ಉತ್ತರ ತಪ್ಪಾಗಿರಬಹುದು, ಅದರಿಂದ ನಷ್ಟವಿಲ್ಲ. ಕೇಳಿದ ಕ್ಷಣದಲ್ಲಿ ಅವಳು ಅಮ್ಮನ ಪಕ್ಕಕ್ಕೆ ಬಂದು ನಿಂತಂತಾಯಿತು. ಕೂಸು ಅಮ್ಮನನ್ನು ಕಸಿದುಕೊಂಡ ಕಳ್ಳನಾಗಿ ಉಳಿಯದೆ, ಇಬ್ಬರೂ ಸೇರಿ ಬಿಡಿಸಬೇಕಾದ ಒಗಟಾಯಿತು. ಹಾಗೆಯೇ ಅವಳ ನೋವಿಗೂ ಹೆಸರು ಸಿಗಬೇಕು. "ಅವ್ವ ಪಾಪೂನೇ ಎತ್ತಿಕೊಂಡಿರ್ತಾಳೆ ಅಂತ ನಿಂಗೆ ಅಳು ಬರ್ತದಾ?" ಎಂದು ಯಾರಾದರೂ ಕೇಳಿದರೆ, ಅವಳು ಚೊಂಬು ಎತ್ತಿ ನೀರು ಸುರಿದು ಹೇಳಬೇಕಾದ್ದನ್ನು ತಲೆಯಾಡಿಸಿಯೇ ಹೇಳಬಲ್ಲಳು.

ಮೂರನೆಯದು, ಮಾತಿಗೆ ತಕ್ಕ ಏರ್ಪಾಡು ಬೇಕೆಂಬುದು. ಕೈಗೆ ಕೈ ಇಟ್ಟ ಮಾತ್ರಕ್ಕೆ ಜಗಳ ಮುಗಿಯಿತೆಂದು ಆ ಕಾಲದವರು ಸುಮ್ಮನಾಗಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಕೂಡಿಸಿ, ಅದರಿಂದ ಬೆಳಗೊಳದ ದೇವರ ಕಾವಲಿಗೆ 20 ಜನ ಆಳುಗಳನ್ನಿಡುವುದು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸುವುದು ಎಂದು ನಿಗದಿಯಾಯಿತು. ಇದರ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ. ಕಾವಲಿಗೆ ಎಷ್ಟು ಜನ, ದುಡ್ಡು ಎಲ್ಲಿಂದ, ನೋಡಿಕೊಳ್ಳುವವರು ಯಾರು ಎಂಬುದೆಲ್ಲ ಕಲ್ಲಿನ ಮೇಲಿದೆ.

ಮನೆಯಲ್ಲೂ ಲೆಕ್ಕ ಹೀಗೇ ಇರಬೇಕು. "ನಿನ್ನನ್ನೂ ಅಷ್ಟೇ ಪ್ರೀತಿಸುತ್ತೇವೆ" ಎಂಬ ಮಾತು ಎರಡೂವರೆ ವರ್ಷಕ್ಕೆ ತಲುಪುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ತಲುಪುತ್ತದೆ. ಕೂಸು ನಿದ್ದೆ ಹೋದಾಗ ಆ ಇಪ್ಪತ್ತು ನಿಮಿಷ ಅವಳದು. ಬಾಣಂತಿಗೆ ಬಿಡುವಾಗಬೇಕಾದರೆ ಬಟ್ಟೆ ಯಾರು ಒಗೆಯಬೇಕು, ಕೂಸಿನ ಲಂಗೋಟಿ ಯಾರು ಬದಲಿಸಬೇಕು, ರಾತ್ರಿ ಒಂದು ಸರದಿ ಯಾರು ಏಳಬೇಕು ಎಂಬುದೂ ಆ ಲೆಕ್ಕದಲ್ಲೇ ಬರುತ್ತದೆ. ಕೂಸಿಗೆ ಹಾಲೂಡಿಸುವುದನ್ನೊಂದು ಬಿಟ್ಟು ಉಳಿದ ಕೆಲಸಗಳನ್ನೆಲ್ಲ ಅಪ್ಪನೂ ಮಾಡಬಲ್ಲ. ನಡುರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಬಲ್ಲ ಕೈ, ಅತ್ತ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟಲಾರದೇ? ಹಾಲೂಡಿಸುವ ವೇಳೆಗೆ ಸರಿಯಾಗಿ ಹಿರಿಯವಳಿಗೆ ಒಂದು ಬುಟ್ಟಿಯಲ್ಲಿ ಅವಳ ಗೊಂಬೆ, ಮರದ ಗಾಡಿ, ಕುಡಿಯುವ ನೀರು ಎಲ್ಲ ಹತ್ತಿರ ಇಟ್ಟುಕೊಂಡು ಕೂತರೆ ಬೆಳಗಿನ ಅರ್ಧ ರಂಪ ತಪ್ಪುತ್ತದೆ. ಪೆಟ್ಟು ಮಾತ್ರ ಬೇಡ. ಚಿವುಟಿದ್ದಕ್ಕೆ ಹೊಡೆದರೆ, ಬಲವಿದ್ದವರು ಬಲವಿಲ್ಲದವರನ್ನು ನೋಯಿಸಬಹುದು ಎಂಬ ಪಾಠವನ್ನೇ ಇನ್ನೊಮ್ಮೆ ಹೇಳಿಕೊಟ್ಟಂತೆ. ಕೈ ಹಿಡಿದು ತಡೆದು, "ನೋವಾಗ್ತದೆ" ಎಂದು ಹೇಳಿ, ಮೆತ್ತಗೆ ಸವರುವುದು ಹೇಗೆಂದು ಅದೇ ಕೈಯಿಂದ ತೋರಿಸಬೇಕು. ಒಂದು ಸಲಕ್ಕೆ ಬಾರದು, ನೂರು ಸಲ ತೋರಿಸಬೇಕಾದೀತು.

ಬಂದ ನೆಂಟರಿಗೂ ಒಂದು ಮಾತು. ಕೂಸು ನೋಡಲು ಹೋದಾಗ ಮೊದಲು ಹಿರಿಯ ಮಗುವನ್ನು ಮಾತಾಡಿಸಿ, "ನಿನ್ನ ಪಾಪು ಎಲ್ಲಿ, ತೋರಿಸವ್ವ" ಎಂದರೆ ಸಾಕು. ಕೈಹಿಡಿದು ಕರೆದೊಯ್ದು ತೋರಿಸುತ್ತದೆ. ತೌಡಿನ ತಮಾಷೆ ಇನ್ನು ಸಾಕು.

ಎರಡಕ್ಕೆ ದೊಡ್ಡವಳು, ಹತ್ತಕ್ಕೆ ಇನ್ನೂ ದೊಡ್ಡವಳು

"ನೀನು ದೊಡ್ಡವಳಲ್ಲವೇ?" ಎಂಬ ಮಾತಿಗೆ ಇನ್ನೊಂದು ಮುಖವಿದೆ. ಈ ಪುಟ ಓದುವ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಅದನ್ನು ಬಲ್ಲವರಿದ್ದಾರೆ.

ಎರಡೂವರೆ ವರ್ಷದಲ್ಲಿ ಈ ಮಾತು ಕೇಳಿದ ಹೆಣ್ಣುಮಗು ಹತ್ತರಲ್ಲೂ ಅದನ್ನೇ ಕೇಳುತ್ತದೆ. ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು ಬೀದಿಯಲ್ಲಿ ನಿಂತ ಹುಡುಗಿ ಎಲ್ಲ ಊರಿನ ಪರಿಚಿತ ಚಿತ್ರ. ಹುಳು ಹಣ್ಣಾಗುವ ವಾರ, ರಾಗಿ ಕೊಯ್ಲಿನ ವಾರ, ಅಮ್ಮನಿಗೆ ಜ್ವರ ಬಂದ ವಾರ ಶಾಲೆಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳುತ್ತದೆ. ಅಣ್ಣನ ಹೆಸರಿನ ಮುಂದೆ ಬೀಳುವುದು ಕಡಿಮೆ. ತಮ್ಮನನ್ನು ಎತ್ತಿ ಆಡಿಸುವುದು ಸುಖದ ಕೆಲಸವೇ. ಅದರಿಂದ ಕಲಿಯುವುದೂ ಬಹಳ. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಆಡಿಸಿದರೆ ಅದು ಅಕ್ಕನ ಪ್ರೀತಿ. ಶಾಲೆ ಬಿಡಿಸಿ ಆಡಿಸಹಚ್ಚಿದರೆ ಅದು ಅವಳಿಗೆ ವಿಧಿಸಿದ ದಂಡ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂದು 2009ರಲ್ಲಿ ಕಾಯಿದೆಯಾಯಿತು. ತೊಟ್ಟಿಲು ತೂಗುವ ಅಕ್ಕನಿಗೂ ಆ ಹಕ್ಕುಂಟು.

ಈ ಹೊರೆ ಇಳಿಸಲೆಂದೇ ಕೆಲವು ಏರ್ಪಾಡುಗಳಾಗಿವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಇಂದು ಅಂಗನವಾಡಿಯಿಲ್ಲದ ಊರು ಕಡಿಮೆ. ಆರು ತಿಂಗಳಿನಿಂದ ಆರು ವರ್ಷದವರೆಗೆ ಪೂರಕ ಆಹಾರ, ಬಸುರಿ ಬಾಣಂತಿಯರಿಗೆ ಊಟ, ತೂಕ ನೋಡುವುದು, ಚುಚ್ಚುಮದ್ದಿಗೆ ಕರೆಯುವುದು, ಮೂರು ತುಂಬಿದವರಿಗೆ ಆಟಪಾಠ ಎಲ್ಲ ಅಲ್ಲುಂಟು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಪ್ರಕಟಿಸಿತು. ಮಗುವಿನ ತೂಕದ ಗೆರೆ ತಾಯಿ ಕಾರ್ಡಿನಲ್ಲಿ ಮೇಲೇರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವಾಗ ಕೂಸಿನ ಕಾರ್ಡಿನ ಜೊತೆಗೆ ಹಿರಿಯದರದನ್ನೂ ಒಯ್ಯುವುದು ಒಳ್ಳೆಯದು. ತಮ್ಮ ಬಂದ ಆರು ತಿಂಗಳಲ್ಲಿ ಅಕ್ಕನ ತೂಕ ನಿಂತಲ್ಲೇ ನಿಂತಿದ್ದರೆ ಆ ಕಾಗದ ಮೊದಲೇ ಹೇಳಿಬಿಡುತ್ತದೆ.

ಬಿಡುವಿದ್ದಾಗ ಶಾಲೆಯ ಮಕ್ಕಳು ಕಲ್ಯಕ್ಕೆ ಹೋಗಿ ಬರಬಹುದು. ಬುಕ್ಕರಾಯನ ತೀರ್ಪು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಉಳಿಯಬೇಕಿಲ್ಲ. ಮನೆಗೆ ಮರಳಿ, ಅಲ್ಲಿ ಅಳುತ್ತಿರುವ ಎರಡು ಪುಟ್ಟ ಮಕ್ಕಳ ನಡುವೆ ಕೂತು ಅದನ್ನು ನಡೆಸಿ ನೋಡಬಹುದು.

ಮತ್ತೆ ಆ ಮನೆ. ಒದ್ದೆ ಬಟ್ಟೆಗಳನ್ನು ಅಜ್ಜಿ ಅಂಗಳದ ತಂತಿಯ ಮೇಲೆ ಹರವಿದ್ದಾಳೆ. ಅಮ್ಮನ ಸಿಟ್ಟು ಇಳಿದಿದೆ. ಹಾಲು ಕುಡಿದು ಮುಗಿಸಿದ ಕೂಸು ಮಡಿಲಲ್ಲಿ ಕಣ್ಣುಬಿಟ್ಟು ಮಲಗಿದೆ. ಮಗಳು ಕಂಬ ಹಿಡಿದು ದೂರದಿಂದ ನೋಡುತ್ತಿದ್ದಾಳೆ.

"ಬಾರವ್ವ ಇಲ್ಲಿ. ನಿನ್ನ ಬೆರಳು ಕೊಡು."

ಅನುಮಾನಿಸುತ್ತಲೇ ಬಂದು ಅವಳು ತೋರುಬೆರಳು ಚಾಚುತ್ತಾಳೆ. ಅಮ್ಮ ಅದನ್ನು ಕೂಸಿನ ಅಂಗೈಯಲ್ಲಿ ಇಡುತ್ತಾಳೆ. ಐದು ಪುಟ್ಟ ಬೆರಳುಗಳು ಮಡಿಚಿಕೊಂಡು ಅದನ್ನು ಗಟ್ಟಿಯಾಗಿ ಹಿಡಿಯುತ್ತವೆ. ಹುಟ್ಟಿದ ಮಕ್ಕಳೆಲ್ಲ ಮೊದಲ ಕೆಲವು ತಿಂಗಳು ಅಂಗೈಗೆ ತಾಗಿದ್ದನ್ನು ತಾವಾಗಿಯೇ ಹೀಗೆ ಹಿಡಿಯುತ್ತವೆ, ಐದಾರು ತಿಂಗಳ ಹೊತ್ತಿಗೆ ಅದು ಮರೆಯಾಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಅದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

"ಅವ್ವಾ! ಪಾಪು ನನ್ನ ಹಿಡ್ಕಂಡೈತೆ!"

"ಹೂಂ, ನೀನು ಬೇಕಂತೆ ಅದಕ್ಕೆ."

ಹುಳುಮನೆಯಿಂದ ಅಪ್ಪ ಸೊಪ್ಪಿನ ಬುಟ್ಟಿ ಕೇಳಿ ಕೂಗುತ್ತಾನೆ. ಅಮ್ಮ ಕೂಡಲೇ ಏಳುವುದಿಲ್ಲ. ಇನ್ನೊಂದು ತೊಡೆಯನ್ನು ಚಾಚಿ ಮಗಳಿಗೆ ಜಾಗ ಮಾಡುತ್ತಾಳೆ.